ಮಸಾರಿ ಮೂಲೆಗೆ ಹಿರೇಮದ್ದು

ನಾರಾಯಣಪುರ ಎಡದಂಡೆ ಕಾಲುವೆ ಬಂದ ಮೇಲೆ ಕೊಡೇಕಲ್ ಸೀಮೆಯ ಒಕ್ಕಲುತನದ ಲೆಕ್ಕವೇ ಬದಲಾಯಿತು. ನೀರು ಹರಿಯುವಲ್ಲಿ ಭತ್ತ, ನೀರು ಏರದ ಎರೆ ಹೊಲದಲ್ಲಿ ತೊಗರಿ, ಹತ್ತಿ. ಎರಡಕ್ಕೂ ಒಗ್ಗದೆ ಉಳಿದದ್ದು ಗುಡ್ಡದ ಬುಡದ ಮಸಾರಿ ತುಂಡುಗಳು. ಕೆಂಪು ಮಣ್ಣು, ಹರಳು ಹೆಚ್ಚು, ಮಳೆ ಬಿದ್ದ ಮರುದಿನಕ್ಕೇ ಹಸಿ ಆರಿಹೋಗುವ ನೆಲ. ಹಿರೇಮದ್ದು, ಎಂದರೆ ಅಶ್ವಗಂಧ, ಬೆಳೆಯಬೇಕೆನ್ನುವವರು ಮೊದಲು ನೋಡಬೇಕಾದ್ದು ಈ ತುಂಡುಗಳನ್ನೇ.

ಇದು ಬೇರಿಗಾಗಿ ಬೆಳೆಯುವ ಗಿಡ. ಬೇರು ನೇರವಾಗಿ, ದಪ್ಪವಾಗಿ ಇಳಿಯಬೇಕಾದರೆ ಮಣ್ಣು ಸಡಿಲ ಇರಬೇಕು, ನೀರು ನಿಲ್ಲಬಾರದು. ಎರೆ ಭೂಮಿ ಹಸಿ ಹಿಡಿದಿಟ್ಟು ಬೇರು ಕೊಳೆಸುತ್ತದೆ, ಒಣಗಿದಾಗ ಬಿರಿದು ಹರಿಯುತ್ತದೆ, ಕೀಳುವಾಗ ಅರ್ಧ ಬೇರನ್ನು ತಾನೇ ಉಳಿಸಿಕೊಳ್ಳುತ್ತದೆ. ಕಾಲುವೆಯ ಪಕ್ಕದ ಗದ್ದೆಯಲ್ಲಂತೂ ಎಲೆ ಸೊಂಪಾಗಿ ಬರುತ್ತದೆ, ಕೆಳಗೆ ಬೇರು ಸಣಕಲು. ಯೂರಿಯಾ ಸುರಿದರೂ ಇದೇ ಪಾಡು. ಯಾದಗಿರಿ, ಶಹಾಪುರ, ಸುರಪುರಗಳು ಸೇರುವ ಈಶಾನ್ಯ ಒಣ ವಲಯದ ಮಳೆಯೇ ಇದಕ್ಕೆ ಸಾಕು. 600ರಿಂದ 750 ಮಿಲಿಮೀಟರ್ ಬಿದ್ದರೆ ಸರಿಹೋಗುತ್ತದೆ. ತುಸು ಕ್ಷಾರ ಮಣ್ಣಾದರೂ ತಾಳಿಕೊಳ್ಳುತ್ತದೆ.

ಮುಂಗಾರಿನ ಮೊದಲ ಮಳೆಗೇ ಬಿತ್ತಲು ಓಡಬೇಡಿ. ಪುಷ್ಯ ಮಳೆಯ ಕೊನೆಯಿಂದ ಮಘೆಯವರೆಗೆ, ಅಂದರೆ ಜುಲೈ ಕೊನೆಯಿಂದ ಆಗಸ್ಟ್ ಪೂರ್ತಿ, ಇದರ ಹದ. ಅಷ್ಟರಲ್ಲಿ ಎರಡು ಸಲ ಹರಗಿದ ನೆಲಕ್ಕೆ ಎಕರೆಗೆ ನಾಲ್ಕು ಟನ್ನಿನಷ್ಟು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬಿದ್ದಿರಲಿ. (ಕೊಡೇಕಲ್ಲಿನಲ್ಲಿ ನವಶಿಲಾಯುಗದ ಬೂದಿದಿಬ್ಬವೊಂದಿದೆ. ಸಾವಿರಾರು ವರ್ಷಗಳ ಹಿಂದೆ ದನಗಾಹಿಗಳು ಸಗಣಿ ಗುಡ್ಡೆಹಾಕಿ ಸುಟ್ಟದ್ದರ ಗುರುತು. ಅಷ್ಟು ಗೊಬ್ಬರ ಹೀಗೆ ಬೂದಿಯಾಯಿತಲ್ಲ ಎಂದು ಈಗಿನ ರೈತನಿಗೆ ಅನ್ನಿಸಿದರೆ ತಪ್ಪಿಲ್ಲ.)

ಬೀಜ ಬದನೆ ಬೀಜಕ್ಕಿಂತಲೂ ಸಣ್ಣದು. ಮರಳು ಬೆರೆಸಿ ಚೆಲ್ಲುವುದಾದರೆ ಎಕರೆಗೆ ನಾಲ್ಕರಿಂದ ಐದು ಕಿಲೋ ಬೇಕು. ಚೆಲ್ಲುವುದಕ್ಕಿಂತ ಸಾಲು ಬಿತ್ತನೆಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಕಾರಣ ಸರಳ: ಮೊದಲ ತಿಂಗಳು ಗಿಡ ನಿಧಾನ, ಕಳೆ ವೇಗ, ಸಾಲಿದ್ದರೆ ಎಡೆ ಹೊಡೆಯಬಹುದು, ಇಲ್ಲದಿದ್ದರೆ ಕೂಲಿಯ ಖರ್ಚೇ ಬೆಳೆಯನ್ನು ತಿನ್ನುತ್ತದೆ. ಸಾಲಿನಿಂದ ಸಾಲಿಗೆ ಒಂದಡಿ ಇರಲಿ. ಬೀಜ ಎರಡು ಸೆಂಟಿಮೀಟರಿಗಿಂತ ಆಳಕ್ಕೆ ಹೋಗದಂತೆ ಮೇಲೆ ತೆಳುವಾಗಿ ಮಣ್ಣೆಳೆಯಿರಿ. ಮೊಳಕೆ ಬಂದು ಇಪ್ಪತ್ತೈದು, ಮೂವತ್ತು ದಿನಕ್ಕೆ ಒತ್ತೊತ್ತಾಗಿರುವ ಸಸಿಗಳನ್ನು ಕಿತ್ತು, ಗಿಡದಿಂದ ಗಿಡಕ್ಕೆ ಎಂಟ್ಹತ್ತು ಸೆಂಟಿಮೀಟರ್ ಬಿಡಬೇಕು. ಕೀಳಲು ಮನಸ್ಸು ಬಾರದೆ ಬಿಟ್ಟರೆ ಎಲ್ಲ ಬೇರುಗಳೂ ದಾರದಂತಾಗುತ್ತವೆ.

ತಳಿಗಳಲ್ಲಿ ಮಂದಸೌರಿನಿಂದ ಬಂದ ಜವಾಹರ್ ಅಸ್ಗಂಧ್-20, ಲಖನೌದ ಸೀಮ್ಯಾಪ್ ಸಂಸ್ಥೆಯ ಪೋಷಿತಾ, ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಅಶ್ವಗಂಧ ಹೆಸರಾದವು. ನಿಮ್ಮ ಮಣ್ಣಿಗೆ ಯಾವುದು ಎಂಬುದನ್ನು ಸುರಪುರ ತಾಲ್ಲೂಕಿನ ಕವಡಿಮಟ್ಟಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಇನ್ನೊಂದು ಎಚ್ಚರ: ಬದನೆ, ಟೊಮೆಟೊ, ಮೆಣಸಿನಕಾಯಿಯ ಕುಲವೇ ಇದರದ್ದೂ. ಅವನ್ನು ಬೆಳೆದ ಹೊಲದಲ್ಲಿ ಬೆನ್ನಿಗೇ ಇದನ್ನು ಹಾಕಿದರೆ ಬೇರುಗಂಟು ಜಂತುಹುಳು ಕಾದಿರುತ್ತದೆ. ಬದನೆ ಎಲೆಯನ್ನು ಜರಡಿ ಮಾಡುವ ಚುಕ್ಕಿದುಂಬಿ ಇಲ್ಲಿಗೂ ಬರುತ್ತದೆ.

ಐದಾರು ತಿಂಗಳಿಗೆ, ಜನವರಿಯ ನಂತರ, ಕೆಳಗಿನ ಎಲೆ ಒಣಗಿ, ಕಾಗದದಂಥ ಹೊದಿಕೆಯೊಳಗಿನ ಹಣ್ಣು ಕೆಂಪಾದರೆ ಕೊಯ್ಲಿಗೆ ಬಂದಂತೆ. ನೆಲ ಗಟ್ಟಿಯಾಗಿದ್ದರೆ ತುಸು ನೀರು ಹಾಯಿಸಿ ಮೆತ್ತಗೆ ಮಾಡಿಕೊಂಡು ಗಿಡವನ್ನು ಬುಡಸಮೇತ ಕೀಳಬೇಕು. ಕಾಂಡವನ್ನು ಬೇರಿನ ತಲೆಯಿಂದ ಬೆರಳಗಲ ಬಿಟ್ಟು ಕತ್ತರಿಸಿ, ಬೇರನ್ನು ಏಳರಿಂದ ಹತ್ತು ಸೆಂಟಿಮೀಟರ್ ತುಂಡು ಮಾಡಿ ಒಣಗಿಸಿ. ಚೆನ್ನಾಗಿ ಒಣಗಿದ ಮೇಲೆ ಕೋಲಿನಿಂದ ಮೆಲ್ಲಗೆ ಬಡಿದರೆ ಮಣ್ಣೂ ಎಳೆಬೇರೂ ಉದುರುತ್ತವೆ. ಎಕರೆಗೆ ಒಣಬೇರು ಒಂದರಿಂದ ಎರಡು ಕ್ವಿಂಟಲ್. ಇದಕ್ಕಿಂತ ಹೆಚ್ಚಿನದನ್ನು ಯಾರಾದರೂ ಮಾತು ಕೊಟ್ಟರೆ ಬೀಜ ಮಾರಲು ಬಂದವರೇ ಇರಬೇಕು.

ಬೆಲೆ ನಿಲ್ಲುವುದು ತೂಕಕ್ಕಿಂತ ದರ್ಜೆಯ ಮೇಲೆ. ಬೆರಳು ಗಾತ್ರದ, ಮುರಿದರೆ ಟಕ್ಕೆಂದು ಮುರಿಯುವ, ಒಳಗೆ ಹಿಟ್ಟಿನಂತೆ ಬೆಳ್ಳಗಿರುವ ತುಂಡುಗಳಿಗೆ ಮೊದಲ ದರ್ಜೆ; ಚೂರು, ಕವಲುಬೇರುಗಳು ಕೊನೆಗೆ. ಬೇರ್ಪಡಿಸದೆ ಒಂದೇ ಚೀಲಕ್ಕೆ ತುಂಬಿದರೆ ವ್ಯಾಪಾರಿ ಕೊನೆಯ ದರ್ಜೆಯ ದರವನ್ನೇ ಎಲ್ಲದಕ್ಕೂ ಕಟ್ಟುತ್ತಾನೆ. ಇದರ ದೊಡ್ಡ ಮಾರುಕಟ್ಟೆ ಮಧ್ಯಪ್ರದೇಶದ ನೀಮಚ್. ಹತ್ತಿರದ ಎಪಿಎಂಸಿಯಲ್ಲಿ ತೊಗರಿ ಇಳಿಸಿ ಬಂದಂತೆ ಇದನ್ನು ಇಳಿಸಿ ಬರಲಾಗದು. ಕೊಳ್ಳುವವರನ್ನು ಗೊತ್ತು ಮಾಡಿಕೊಳ್ಳದೆ ಅರ್ಧ ಎಕರೆಗಿಂತ ಹೆಚ್ಚು ಬಿತ್ತುವುದು ಜೂಜು.

ಮನೆಬಳಕೆಗೆ ಹಿತ್ತಲಿನ ನಾಲ್ಕಾರು ಗಿಡ ಸಾಕು. ಆಯುರ್ವೇದದ ಔಷಧಕೋಶ ಹೇಳುವ ಪ್ರಮಾಣ ದಿನಕ್ಕೆ ಮೂರರಿಂದ ಆರು ಗ್ರಾಂ ಬೇರಿನ ಪುಡಿ. ಹಾಲಿನಲ್ಲಿ ಕುದಿಸಿ ಕುಡಿಯುವುದು ರೂಢಿ. ಬೇರಿನಲ್ಲಿರುವ ವಿಥನೋಲೈಡ್ ಎಂಬ ಸಂಯುಕ್ತಗಳೇ ಮುಖ್ಯ ಕೆಲಸಗಾರರು ಎಂದು ತಿಳಿಯಲಾಗಿದೆ. ಎಂಟು ವಾರದ ಆಸುಪಾಸು ನಡೆದ ಹಲವು ಸಣ್ಣ ಪ್ರಯೋಗಗಳಲ್ಲಿ ಮನಸ್ಸಿನ ಒತ್ತಡ ಇಳಿದದ್ದೂ ನಿದ್ದೆ ತುಸು ಸುಧಾರಿಸಿದ್ದೂ ಕಂಡಿದೆ. ಆ ಪ್ರಯೋಗಗಳಲ್ಲಿ ಬಳಸಿದ್ದು ಹೆಚ್ಚಾಗಿ ಬೇರಿನ ಸಾರ, ಮನೆಯ ಪುಡಿಯಲ್ಲ. ವರ್ಷಗಟ್ಟಲೆ ತಿಂದರೆ ಏನಾಗುತ್ತದೆ ಎಂಬುದಕ್ಕೆ ಅವುಗಳಲ್ಲಿ ಉತ್ತರವಿಲ್ಲ. ಕೀಲುನೋವಿನಿಂದ ಕ್ಯಾನ್ಸರ್‌ವರೆಗೆ ಎಲ್ಲಕ್ಕೂ ಇದೇ ಮದ್ದು ಎನ್ನುವ ಮಾತನ್ನು ಜಾತ್ರೆಯ ಮೈಕಿಗೆ ಬಿಡಿ.

ಬಸುರಿಯರು ಇದನ್ನು ಮುಟ್ಟಬಾರದು. ಥೈರಾಯ್ಡ್, ಸಕ್ಕರೆ, ಬಿ.ಪಿ., ನಿದ್ದೆ ಗುಳಿಗೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು; ಇದು ಆ ಗುಳಿಗೆಗಳ ಪರಿಣಾಮವನ್ನು ಏರುಪೇರು ಮಾಡಬಲ್ಲದು. ಅಪರೂಪಕ್ಕೆ ಯಕೃತ್ತಿಗೆ ಪೆಟ್ಟು ಬಿದ್ದ ವರದಿಗಳೂ ಇವೆ. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ಅಂದೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಬೇರು ಕಿತ್ತ ಮೇಲೆ ಉಳಿಯುವ ಎಲೆಯ ರಾಶಿ ನೋಡಿ ಆಸೆ ಹುಟ್ಟುವುದು ಸಹಜ. ಆದರೆ 2021ರ ಅಕ್ಟೋಬರ್‌ನಲ್ಲಿ ಆಯುಷ್ ಸಚಿವಾಲಯ ಔಷಧ ತಯಾರಕರಿಗೆ ಎಲೆ ಬಳಸಬೇಡಿ, ಬೇರನ್ನೇ ಬಳಸಿ ಎಂದು ಸೂಚಿಸಿದೆ. ಎಲೆಯ ಕಷಾಯದ ಗೊಡವೆ ಬೇಡ.

ಪುಡಿಯನ್ನು ಒಮ್ಮೆಗೇ ಬೀಸಿಡಬೇಡಿ, ಹುಳ ಹಿಡಿಯುತ್ತದೆ. ಬೇರನ್ನು ತುಂಡಾಗಿಯೇ ಒಣ ಡಬ್ಬಿಯಲ್ಲಿಟ್ಟು, ತಿಂಗಳಿಗೆ ಬೇಕಾದಷ್ಟನ್ನು ಮಾತ್ರ ಕುಟ್ಟಿಕೊಳ್ಳಿ. ಕೆಂಪು ಹಣ್ಣಿನ ಬೀಜವನ್ನು ತೊಳೆದು ನೆರಳಲ್ಲಿ ಒಣಗಿಸಿಟ್ಟರೆ ಮುಂದಿನ ಪುಷ್ಯ ಮಳೆಗೆ ಬೇರೆ ಬೀಜ ಕೊಳ್ಳಬೇಕಿಲ್ಲ.