ಮಾತು ಮುಗಿದ ಮೇಲೆ ಬರುವ ಕಾರ್ಡು

ಸೋಮವಾರ ನಸುಕಿನ ಐದು ಗಂಟೆ. ಇಂಡಿ ತಾಲ್ಲೂಕಿನ ಅಗರಖೇಡದ ಮನೆಯೊಂದರ ಮಾಳಿಗೆ ಮೇಲೆ ತಂತಿ ಎಳೆದು, ಹವ್ಯಾಸಿಗಳ ಹ್ಯಾಮ್ ರೇಡಿಯೊ ಹಚ್ಚಿ, ದೂರದೇಶದವರೊಬ್ಬರ ಜೊತೆ ಮಾತಾಡಿದಿರಿ ಅನ್ನಿ. ಲಾಗ್ ಪುಸ್ತಕದಲ್ಲಿ ಬರೆಯಬೇಕಾದದ್ದು ಭಾನುವಾರದ ತಾರೀಖು, ವೇಳೆ 23:30. ಹ್ಯಾಮ್‌ಗಳ ಲೆಕ್ಕವೆಲ್ಲ ಜಾಗತಿಕ ಸಮಯದ್ದು, ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ತಾಸು ಮುಂದೆ. ಇದನ್ನು ಮರೆತು ಸೋಮವಾರ ಎಂದು ಬರೆದು ಕಳಿಸಿದ ಕಾರ್ಡು ಆ ಕಡೆಯವರ ಪುಸ್ತಕಕ್ಕೆ ತಾಳೆಯಾಗುವುದಿಲ್ಲ.

ಮಾತಾಡಿದ್ದಕ್ಕೆ ಪುರಾವೆಯಾಗಿ ಕಳಿಸುವ ಈ ಕಾರ್ಡಿಗೆ ಕ್ಯೂಎಸ್ಎಲ್ ಎನ್ನುತ್ತಾರೆ. ತಂತಿ ಸಂದೇಶದ ಕಾಲದ ಸಂಕೇತವದು, 'ಮುಟ್ಟಿತು' ಎಂದರ್ಥ. ಅಂಚೆ ಕಾರ್ಡಿನಷ್ಟೇ ಅಗಲ. ಇಬ್ಬರ ಕರೆಸಂಕೇತ, ತಾರೀಖು, ವೇಳೆ, ತರಂಗಾಂತರ, ದನಿ ಎಷ್ಟು ಸ್ಪಷ್ಟವಾಗಿತ್ತು ಎಂಬ ಅಂಕ, ಇಷ್ಟಿದ್ದರೆ ಸಾಕು. ಸ್ಪಷ್ಟತೆಗೆ 5, ಬಲಕ್ಕೆ 9 ಪೂರ್ಣಾಂಕ. ಹಾಗಾಗಿ '59' ಬರೆದ ಕಾರ್ಡು ಬಂದರೆ ಮನಸ್ಸಿಗೆ ಹಿಗ್ಗು.

ಕಾರ್ಡಿನಲ್ಲಿ ಊರಿನ ಗುರುತೂ ಇರುತ್ತದೆ. ಭೂಮಿಯನ್ನು ಚೌಕಗಳಾಗಿ ಕೊಯ್ದು ಹ್ಯಾಮ್‌ಗಳು ಹೆಸರಿಟ್ಟಿದ್ದಾರೆ. ಇಂಡಿ ಪಟ್ಟಣ ಎಂಕೆ77, ಬಸವನ ಬಾಗೇವಾಡಿ ಎಂಕೆ76, ಸಿಂದಗಿ, ಮುದ್ದೇಬಿಹಾಳ ಎರಡೂ ಎಂಕೆ86. ನೆರೆಹೊರೆಯ ನಾಲ್ಕು ತಾಲ್ಲೂಕು ಕೇಂದ್ರಗಳು ಮೂರು ಚೌಕಗಳಲ್ಲಿ ಹಂಚಿಹೋಗಿರುವುದು ನನಗೆ ಬಹಳ ಹಿಡಿಸಿದ ಸಂಗತಿ.

ನೂರು ದೇಶ, ದ್ವೀಪಗಳ ಕಾರ್ಡು ಕೂಡಿಸಿದವರಿಗೆ ಡಿಎಕ್ಸ್‌ಸಿಸಿ ಎಂಬ ಗೌರವ ಸಿಗುತ್ತದೆ. ಆ ಲೆಕ್ಕದಲ್ಲಿ ಅಂಡಮಾನ್ ಭಾರತದಿಂದ ಬೇರೆ. ಅದರ ಸಂಕೇತ ವಿಯು4, ಗಾಳಿಯಲ್ಲಿ ಕೇಳಸಿಗುವುದೇ ಅಪರೂಪ. 2004ರ ಡಿಸೆಂಬರ್‌ನಲ್ಲಿ ಹ್ಯಾಮ್ ಭಾರತಿ ಪ್ರಸಾದ್ ಮುಂದಾಳತ್ವದ ತಂಡ ಅಲ್ಲಿಗೆ ಹೋದಾಗ ಲೋಕದ ಹ್ಯಾಮ್‌ಗಳೆಲ್ಲ ಆ ಒಂದು ಕಾರ್ಡಿಗೆ ಮುಗಿಬಿದ್ದರು. 26ರ ಬೆಳಿಗ್ಗೆ ಸುನಾಮಿ ಬಂತು. ಕಾರ್ಡಿನ ಆಸೆಗೆ ಕಟ್ಟಿದ ಆ ತಂತಿಗಳಲ್ಲೇ 'ನಾವು ಬದುಕಿದ್ದೇವೆ' ಎಂಬ ಸುದ್ದಿಗಳು ದಡ ದಾಟಿದವು.

ಈಗ ಗಣಕಯಂತ್ರದಲ್ಲೇ ಲಾಗ್ ತಾಳೆ ನೋಡಬಹುದು, ಖರ್ಚೂ ಇಲ್ಲ. ಆದರೂ ಹ್ಯಾಮ್ ಸಂಘದ ಬ್ಯೂರೊ ಮೂಲಕ ಹೋಗಿ, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ತಿರುಗಿ ಬರುವ ಕಾರ್ಡನ್ನೇ ನಾನು ಮೇಲೆನ್ನುತ್ತೇನೆ. ಅಪರಿಚಿತರೊಬ್ಬರು ನಮ್ಮ ಮಾತಿಗಾಗಿ ಕೂತು, ಪೆನ್ನು ಹಿಡಿದು ಬರೆದದ್ದು ಅದು. ಅಗರಖೇಡದಿಂದ ಅಂಥದೊಂದು ಹೊರಡುವುದಾದರೆ ಮುಖದ ಮೇಲೆ ಭೀಮಾ ನದಿಯ ಚಿತ್ರವಿರಲಿ. ಹಿಂಬದಿಯ ಕೆಳಗಡೆ ಎರಡು ಪುಟ್ಟ ಚೌಕಗಳಿರುತ್ತವೆ: ಒಂದು 'ದಯವಿಟ್ಟು ಕಾರ್ಡು ಕಳಿಸಿ', ಇನ್ನೊಂದು 'ನಿಮ್ಮ ಕಾರ್ಡು ಬಂತು, ಧನ್ಯವಾದ'. ಮೊದಲನೆಯದಕ್ಕೆ ಗುರುತು ಹಾಕಿ ಅಂಚೆಗೆ ಹಾಕಬೇಕು.