ಹಾಸಿಗೆ ಹಿಡಿದವರ ಅರಿವೆ: ಮಿತವ್ಯಯವೆ, ಶುಚಿತ್ವವೆ?

ವಾರ್ಷಿಕ ಸಂಚಿಕೆಗೆ ಏನಾದರೂ ಬರೆದುಕೊಡಿರೆಂದು ಕನ್ನಡದ ಅಧ್ಯಾಪಕರು ಹೇಳಿದಾಗ ನನ್ನ ಗೆಳೆಯರಲ್ಲಿ ಒಬ್ಬನು ಬಸವಕಲ್ಯಾಣದ ಕೋಟೆಯನ್ನು ಹಿಡಿದನು, ಇನ್ನೊಬ್ಬನು ಕಲ್ಯಾಣದ ಚಾಲುಕ್ಯರನ್ನು ಹಿಡಿದನು. ನಾನು ಆರಿಸಿಕೊಂಡ ವಿಷಯವನ್ನು ಕೇಳಿ ಒಬ್ಬಿಬ್ಬರು ಮೂಗು ಮುಚ್ಚಿಕೊಂಡು ನಕ್ಕರು. ಮೂತ್ರದ ಹತೋಟಿ ತಪ್ಪಿದ ಮುದುಕರಿಗೆ ಕಟ್ಟುವ ಅರಿವೆ, ಈಗ ಅದರ ಬದಲಿಗೆ ಔಷಧದ ಅಂಗಡಿಯಲ್ಲಿ ಸಿಗುವ ಡೈಪರು, ಇವುಗಳನ್ನು ಎಷ್ಟು ಸಲ ಬಳಸಬಹುದು, ಯಾವುದನ್ನು ಒಂದೇ ಸಲಕ್ಕೆ ಎಸೆಯಬೇಕು ಎಂಬುದೇ ನನ್ನ ವಿಷಯ. ವಾಚಕರು ಕ್ಷಮಿಸಬೇಕೆಂದು ಮೊದಲಿಗೆ ಒಂದು ಸಾಲು ಬರೆದಿದ್ದೆ. ಆಮೇಲೆ, ಇದು ಎಲ್ಲರ ಮನೆಗೂ ಒಂದಲ್ಲ ಒಂದು ದಿನ ಬರುವ ಮಾತು, ಕ್ಷಮೆಯೇತಕ್ಕೆ ಎಂದು ಅದನ್ನು ಹೊಡೆದುಹಾಕಿದೆನು.

ನಮ್ಮೂರು ಬಸವಕಲ್ಯಾಣ ತಾಲ್ಲೂಕಿನ ರಾಜೇಶ್ವರ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಅಪ್ಪನಿಗೆ ಎರಡೆಕರೆ ಹೊಲ, ಅದರಲ್ಲಿ ತೊಗರಿ ಮತ್ತು ಸೋಯಾ. ಅವ್ವ ಮನೆಗೆಲಸ ತೀರಿಸಿ ಕೂಲಿಗೂ ಹೋಗುತ್ತಾಳೆ. ಆಯಿ, ಅಂದರೆ ಅಪ್ಪನ ತಾಯಿ, ಹೋದ ವರ್ಷ ದೀಪಾವಳಿಯ ಹೊತ್ತಿಗೆ ಬಚ್ಚಲಲ್ಲಿ ಜಾರಿಬಿದ್ದು ತೊಡೆಯ ಎಲುಬು ಮುರಿದುಕೊಂಡಳು. ಶಸ್ತ್ರಚಿಕಿತ್ಸೆಯಾಯಿತು, ಎಲುಬೂ ಕೂಡಿತು. ಆದರೆ ಹೊರಸು ಬಿಟ್ಟು ಏಳುವುದು ಅವಳಿಂದ ಆಗದಾಯಿತು. ಆಸ್ಪತ್ರೆಯಿಂದ ಬರುವಾಗ ಕೈಯಲ್ಲಿ ಮಾತ್ರೆಗಳ ಚೀಲದ ಜೊತೆಗೆ ಡೈಪರಿನ ಒಂದು ಕಟ್ಟೂ ಇದ್ದಿತು.

ಆ ಕಟ್ಟಿನಲ್ಲಿ ಹತ್ತು. ನಾನು ಕೊಂಡ ಅಂಗಡಿಯಲ್ಲಿ ಅದಕ್ಕೆ 350 ರೂಪಾಯಿ. ದಿನಕ್ಕೆ ಮೂರು ಎಂದು ಹಿಡಿದರೂ ತಿಂಗಳಿಗೆ 90 ಬೇಕು. ಅಂದರೆ ಒಂಬತ್ತು ಕಟ್ಟು, 3,150 ರೂಪಾಯಿ. ಆಯಿಗೆ ಬರುವ ಸಂಧ್ಯಾ ಸುರಕ್ಷಾ ಪಿಂಚಣಿ 1,200 ರೂಪಾಯಿ. 2018ರ ಜುಲೈಯಲ್ಲಿ ಸ್ತ್ರೀಯರ ಸ್ಯಾನಿಟರಿ ಪ್ಯಾಡುಗಳ ಮೇಲಿನ ಜಿಎಸ್‌ಟಿಯನ್ನು ಪೂರ್ತಿ ತೆಗೆದರು. ಡೈಪರಿನ ಮೇಲೆ ಅದು ಶೇಕಡಾ 12ರಷ್ಟು ಉಳಿದು, 2025ರ ಸೆಪ್ಟೆಂಬರಿನಲ್ಲಿ ಶೇಕಡಾ 5ಕ್ಕೆ ಇಳಿಯಿತು. ಇಳಿದರೂ ಪಿಂಚಣಿಗೂ ಕಟ್ಟಿಗೂ ನಡುವಿನ ಅಂತರ ನಮ್ಮಂಥವರಿಗೆ ದಾಟಲಾಗದ್ದೇ. ಆಯಿಗೆ ಲೆಕ್ಕ ಬರುವುದಿಲ್ಲವೆಂದು ನಾವು ತಿಳಿದಿದ್ದೆವು. ಒಂದು ದಿನ ಅವಳೇ ಕೇಳಿದಳು: “ತಮ್ಮಾ, ಇದಕ ಎಷ್ಟ ರೊಕ್ಕ ಬೀಳ್ತದ?” ನಾನು ಹೇಳಿದೆನು. ಹೇಳಬಾರದಾಗಿತ್ತು. ಏಕೆಂಬುದು ಮುಂದೆ ಬರುತ್ತದೆ.

ಒಂದು ಸಲ ನೆನೆದ ಡೈಪರನ್ನು ಮಾಳಿಗೆಯ ಮೇಲೆ ಬಿಸಿಲಿಗೆ ಹರವಿ, ಒಣಗಿಸಿ, ಮತ್ತೆ ಕಟ್ಟುವ ಉಪಾಯ ಹೊಳೆದದ್ದು ನನಗೇ. ಮನೆಯಲ್ಲಿ ಓದಿದವನು ನಾನೊಬ್ಬನೇ ಆದುದರಿಂದ ಅಪ್ಪನೂ ಅವ್ವನೂ ಒಪ್ಪಿಕೊಂಡರು. ಬಿಸಿಲು ರೋಗಾಣುಗಳನ್ನು ಕೊಲ್ಲುತ್ತದೆಂದು ಶಾಲೆಯಲ್ಲಿ ಕಲಿತದ್ದು ನನ್ನ ಆಧಾರ. ನಮ್ಮ ಕಡೆಯ ಬೇಸಗೆಯ ಬಿಸಿಲನ್ನು ಯಾರು ಶಂಕಿಸಿಯಾರು? ಸಂಜೆಗೆ ಅವು ಹಗುರವಾಗಿ, ಗರಿಗರಿಯಾಗಿ ಹೊಸದರಂತೆಯೇ ಕಾಣುತ್ತಿದ್ದವು. ಖರ್ಚು ಅರ್ಧಕ್ಕಿಳಿಯಿತೆಂದು ನಾನು ಹಿಗ್ಗಿದೆನು. ಹನ್ನೆರಡು ಹದಿಮೂರು ದಿನ ಹೀಗೆ ನಡೆಯಿತು. ಬಳಿಕ ಆಯಿ ಮಗ್ಗುಲಾಗುವಾಗ ನರಳತೊಡಗಿದಳು. ಅವ್ವ ನೋಡಿದಾಗ ತೊಡೆಸಂದು ಕೆಂಡದಂತೆ ಕೆಂಪಾಗಿ, ಸೊಂಟದ ಕೆಳಗೆ ಎರಡು ಕಡೆ ಚರ್ಮ ಸುಲಿದುಹೋಗಿತ್ತು.

ಮನೆಗೆ ಬಂದು ನೋಡಿದ ನರ್ಸಬಾಯಿಯವರು ಬೈಯಲಿಲ್ಲ. ಮಾಳಿಗೆಯ ಮೇಲೆ ಒಣಹಾಕಿದ್ದನ್ನು ಒಂದನ್ನು ತರಿಸಿ, ಅದರ ಮೇಲೆ ಒಂದು ಲೋಟ ನೀರು ಸುರಿಯಲು ಹೇಳಿದರು. ನೀರು ಒಳಗಿಳಿಯದೆ ಅರ್ಧಕ್ಕರ್ಧ ಮೇಲೆಯೇ ನಿಂತು ಬದಿಗೆ ಹರಿಯಿತು. ಒಡನೆ ಕಣ್ಣುರಿಯುವ ವಾಸನೆ ಎದ್ದಿತು. ಆ ದಿನದಿಂದ ನಾನು ಈ ವಿಷಯವನ್ನು ಓದತೊಡಗಿದೆನು. ನಾನು ಕಲಾ ವಿಭಾಗದವನು. ರಸಾಯನಶಾಸ್ತ್ರದ ಮಾತನ್ನು ನನ್ನ ತಿಳಿವಳಿಕೆಯ ಮಟ್ಟಿಗೆ ಹೇಳುತ್ತೇನೆ.

ಡೈಪರನ್ನು ಕತ್ತರಿಸಿ ನೋಡಿದರೆ ಮೂರು ಪದರಗಳು ಕಾಣುತ್ತವೆ. ಮೈಗೆ ತಾಗುವುದು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ನೂಲಿನ ತೆಳು ಹೊದಿಕೆ. ಹೊರಗಿನದು ನೀರು ಸೋರದ ಪ್ಲಾಸ್ಟಿಕ್ ಹಾಳೆ. ನಡುವೆ ಮರದ ತಿರುಳಿನ ಹತ್ತಿಯಂಥ ಪುಡಿ, ಅದರಲ್ಲಿ ಬೆರೆತ ಬಿಳಿಯ ಹರಳುಗಳು. ಈ ಹರಳೇ ಸೋಡಿಯಂ ಪಾಲಿಅಕ್ರಿಲೇಟು. ಶುದ್ಧ ನೀರಾದರೆ ಇದು ತನ್ನ ತೂಕದ ನೂರಾರು ಪಟ್ಟು ಹೀರಿ ಜಿಗುಟಾದ ಲೋಳೆಯಾಗುತ್ತದೆ. ಆದರೆ ನೀರಿನಲ್ಲಿ ಉಪ್ಪಿದ್ದರೆ ಇದರ ಶಕ್ತಿ ಬಹಳ ಕುಂದುತ್ತದೆ. ಮೂತ್ರದಲ್ಲಿ ಉಪ್ಪಿರುವುದರಿಂದ ಹತ್ತಾರು ಪಟ್ಟು ಮಾತ್ರ ಹೀರುತ್ತದೆ. ಬಿಸಿಲಿಗಿಟ್ಟರೆ ನೀರು ಆರುತ್ತದೆ, ಉಪ್ಪು ಆರುವುದಿಲ್ಲ. ಎರಡನೆಯ ಸಲ ಕಟ್ಟಿದಾಗ ಹಳೆಯ ಉಪ್ಪಿಗೆ ಹೊಸ ಉಪ್ಪು ಸೇರಿ ಹರಳುಗಳು ಮೊದಲಿನಂತೆ ಹೀರಲಾರವು. ಒದ್ದೆಯೆಲ್ಲ ಚರ್ಮದ ಮೇಲೆಯೇ ನಿಲ್ಲುತ್ತದೆ. ಹಾಗಾದರೆ ತೊಳೆದು ಬಳಸಬಾರದೆ ಎಂದು ಕೇಳಬಹುದು. ನಾನು ಅದನ್ನೂ ಮಾಡಿ ನೋಡಿದ್ದೇನೆ. ತಿರುಳು ಮುದ್ದೆಯಾಯಿತು, ಲೋಳೆ ಹೊರಬಂದು ಬಚ್ಚಲ ತೂಬು ಕಟ್ಟಿಕೊಂಡಿತು, ಅದನ್ನು ಬಿಡಿಸುವುದರಲ್ಲಿ ಒಂದು ಭಾನುವಾರ ಹೋಯಿತು.

ಇನ್ನು ಬಿಸಿಲಿನ ಮಾತು. ರೋಗಾಣುಗಳನ್ನು ಕೊಲ್ಲುವ ಅತಿನೇರಳೆ ಕಿರಣಗಳು ತೆಳುವಾದ ಬಟ್ಟೆಯ ಮೇಲೆ ಕೆಲಸ ಮಾಡಬಲ್ಲವು. ಬೆರಳು ದಪ್ಪದ ತಿರುಳಿನ ಒಳಕ್ಕೆ ಇಳಿಯಲಾರವು. ಮೇಲಿನ ಪದರ ಕಾದು ಒಳಗಿನ ತೇವ ಉಳಿದರೆ ಕ್ರಿಮಿಗಳಿಗೆ ಅದಕ್ಕಿಂತ ಹಿತವಾದ ಮನೆ ಬೇರೆಯಿಲ್ಲ.

ಆ ಕಣ್ಣುರಿಯುವ ವಾಸನೆಯ ಮೂಲವನ್ನು ರೈತರ ಮಕ್ಕಳಿಗೆ ಸುಲಭವಾಗಿ ತಿಳಿಸಬಹುದು. ಮೂತ್ರದಲ್ಲಿ ನೂರಕ್ಕೆ ಸುಮಾರು ಎರಡು ಪಾಲು ಯೂರಿಯಾ ಇರುತ್ತದೆ. ಇದು ನಾವು ಹೊಲಕ್ಕೆ ಎರಚುವ ಯೂರಿಯಾವೇ, ಬೇರೆಯಲ್ಲ. 1828ರಲ್ಲಿ ಜರ್ಮನಿಯ ವೋಲರ್ ಎಂಬ ವಿಜ್ಞಾನಿ ಇದನ್ನು ಮೊದಲ ಬಾರಿಗೆ ಪ್ರಯೋಗಶಾಲೆಯಲ್ಲಿ ತಯಾರಿಸಿ, ಜೀವಿಗಳ ದೇಹದಲ್ಲಿ ಮಾತ್ರ ಹುಟ್ಟುವ ವಸ್ತುವೆಂಬ ನಂಬಿಕೆಯನ್ನು ಅಲುಗಿಸಿದನು. ಹಸಿ ಮಣ್ಣಿನ ಮೇಲೆ ಗೊಬ್ಬರ ಚೆಲ್ಲಿ ಮುಚ್ಚದೆ ಬಿಟ್ಟರೆ ಘಾಟು ಏಳುವುದಲ್ಲವೆ? ಮಣ್ಣಿನ ಸೂಕ್ಷ್ಮಜೀವಿಗಳು ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ಅದೇ ಕೆಲಸ ಡೈಪರಿನೊಳಗೂ ನಡೆಯುತ್ತದೆ. ಆರೋಗ್ಯವಂತ ಚರ್ಮದ ಮೇಲ್ಮೈ ಕೊಂಚ ಆಮ್ಲೀಯವಾಗಿದ್ದು ಅದೇ ಅದರ ಕಾವಲು. ಅಮೋನಿಯಾ ಕ್ಷಾರವಾದುದರಿಂದ ಈ ಕಾವಲು ಮುರಿಯುತ್ತದೆ. ಮಲವೂ ಸೇರಿದರೆ ಅದರಲ್ಲಿನ ಜೀರ್ಣರಸಗಳು ಕ್ಷಾರದಲ್ಲಿ ಇನ್ನಷ್ಟು ಚುರುಕಾಗಿ ಚರ್ಮವನ್ನೇ ತಿನ್ನತೊಡಗುತ್ತವೆ. ಆಯಿಯ ಹಾಸಿಗೆಯ ಕೆಳಗೆ ಒದ್ದೆ ಇಳಿಯದಿರಲೆಂದು ನಾವು ಹಾಸಿದ್ದುದು ಒಂದು ಖಾಲಿ ಯೂರಿಯಾ ಚೀಲ. ಇದನ್ನು ಓದಿದ ದಿನ ಆ ಚೀಲವನ್ನು ನಾನು ಬಹಳ ಹೊತ್ತು ನೋಡುತ್ತ ಕುಳಿತಿದ್ದೆನು.

ಹಾಗೆಂದು ಬಡವರು ಮಿತವ್ಯಯ ಮಾಡಲೇಬಾರದೆ? ಮಾಡಬಹುದು. ಆದರೆ ತೊಳೆಯಲಿಕ್ಕೆಂದೇ ಇರುವ ವಸ್ತುವಿನಲ್ಲಿ ಮಾಡಬೇಕು. ನಮ್ಮ ಕಡೆ ಹಳೆಯ ಸೀರೆ ಧೋತರಗಳನ್ನು ಎಸೆಯುವುದಿಲ್ಲ. ಪದರ ಪದರವಾಗಿ ಹೊಲಿದು ಕೌದಿ ಮಾಡುತ್ತಾರೆ. ಬಾಣಂತಿಯ ಕೂಸಿಗೂ ಹಳೆಯ ಹತ್ತಿಯ ಅರಿವೆಯೇ. ಅವ್ವ ಅದೇ ರೀತಿ ಮೆತ್ತಗಾದ ಹತ್ತಿಯ ಸೀರೆಗಳನ್ನು ಆರು ಮಡಿಕೆ ಮಾಡಿ, ಅಂಚು ಹೊಲಿದು, ಹನ್ನೆರಡು ಅರಿವೆ ಸಿದ್ಧಮಾಡಿದಳು. ಹತ್ತಿಯೇ ಆಗಬೇಕು, ಪಾಲಿಯೆಸ್ಟರ್ ಸೀರೆ ನೀರನ್ನು ಹೀರುವುದಿಲ್ಲ. ನಡುವೆ ಗಟ್ಟಿಯಾಗಿ ಕೌದಿಯಂತೆ ಹೊಲಿಗೆ ಹಾಕಬಾರದೆಂದು ಅನುಭವದಿಂದ ತಿಳಿಯಿತು. ಒಣಗಲು ಎರಡು ದಿನ ಹಿಡಿಯಿತು. ಬಿಚ್ಚಿ ಹರವುವಂತೆ ಮಡಿಕೆಗಳನ್ನು ಸಡಿಲವಾಗಿ ಬಿಟ್ಟರೆ ಒಂದೇ ಮಧ್ಯಾಹ್ನದಲ್ಲಿ ಒಣಗುತ್ತದೆ.

ತೊಳೆಯುವುದಕ್ಕೂ ಒಂದು ಕ್ರಮವುಂಟು. ಮಲವಿದ್ದರೆ ಮೊದಲು ಪಾಯಖಾನೆಗೆ ಹಾಕಬೇಕು. ಬಳಿಕ ತಣ್ಣೀರಿನಲ್ಲಿ ಹಿಂಡಬೇಕು, ಏಕೆಂದರೆ ಮೊದಲೇ ಬಿಸಿನೀರು ಹಾಕಿದರೆ ಕಲೆ ನೂಲಿಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಸಾಬೂನು ಪುಡಿ ಮತ್ತು ಕುದಿನೀರು. ಉರುವಲಿಲ್ಲದ ದಿನ ಬ್ಲೀಚಿಂಗ್ ಪುಡಿಯನ್ನು ಲೀಟರಿಗೆ ಸುಮಾರು 3 ಗ್ರಾಮಿನಂತೆ ಕಲಕಿ, ತಿಳಿಯಾದ ನೀರಿನಲ್ಲಿ ಅರ್ಧ ಗಂಟೆ ನೆನೆಯಿಟ್ಟರೆ ಸಾಕು. 1847ರಲ್ಲಿ ವಿಯೆನ್ನಾದ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನು ಇದೇ ಜಾತಿಯ ಸುಣ್ಣದ ನೀರಿನಲ್ಲಿ ಕೈ ತೊಳೆಯಿಸಿ ಬಾಣಂತಿಯರ ಸಾವನ್ನು ಇಳಿಸಿದ್ದನು. ಆದರೆ ಒಂದು ಎಚ್ಚರಿಕೆ: ಮೂತ್ರ ಹಿಂಡಿ ತೆಗೆಯದ ಅರಿವೆಯನ್ನು ಇದರಲ್ಲಿ ಅದ್ದಬಾರದು, ಆಮ್ಲವನ್ನು ಬೆರೆಸಬಾರದು. ಎರಡರಿಂದಲೂ ಉಸಿರಿಗೆ ಕೇಡಾದ ಅನಿಲ ಹುಟ್ಟುತ್ತದೆ. ಕೊನೆಗೆ ಎರಡು ಸಲ ಒಳ್ಳೆಯ ನೀರಿನಲ್ಲಿ ಜಾಲಿಸಲೇಬೇಕು. ಸಾಬೂನು ಕೂಡ ಕ್ಷಾರವೇ. ಅರಿವೆಯಲ್ಲಿ ಉಳಿದರೆ ಅಮೋನಿಯಾದ ಕೆಲಸವನ್ನು ಅದು ಮುಂದುವರಿಸುತ್ತದೆ.

ಒಣಗಿಸುವುದರಲ್ಲಿ ನಮ್ಮ ಮನೆಯಲ್ಲೇ ಒಂದು ಜಗಳವಾಯಿತು. ಇಂಥ ಅರಿವೆಗಳನ್ನು ನಾಲ್ಕು ಜನ ಕಾಣುವಂತೆ ಹಾಕುವುದೆಂತು ಎಂದು ಅವ್ವ ಅವನ್ನು ದನದ ಕೊಟ್ಟಿಗೆಯ ಕತ್ತಲೆಯಲ್ಲಿ ಹರವುತ್ತಿದ್ದಳು. ಹೆಂಗಸರು ತಮ್ಮ ತಿಂಗಳ ಅರಿವೆಗಳನ್ನೂ ಹೀಗೆಯೇ ಮರೆಯಲ್ಲಿ ಒಣಗಿಸುತ್ತಾರೆಂದು ಆಗ ತಿಳಿದೆನು. ಬಟ್ಟೆ ಮಡಿ ಮಾಡುವ ಕಾಯಕದಿಂದಲೇ ಹೆಸರಾದ ಮಡಿವಾಳ ಮಾಚಯ್ಯನವರು ಬಾಳಿದ ಕಲ್ಯಾಣ ನಮಗೆ ಕೂಗಳತೆಯಲ್ಲಿದೆ. ಅಲ್ಲಿಯವರಾಗಿ ನಾವು ಒಗೆದ ಅರಿವೆಗೆ ನಾಚುವುದು ವಿಚಿತ್ರವೇ ಸರಿ. ಈಗ ಅವು ಅಂಗಳದ ಹಗ್ಗದ ಮೇಲೆ, ನನ್ನ ಅಂಗಿಯ ಪಕ್ಕದಲ್ಲಿ ತೂಗುತ್ತವೆ.

ಈ ಮಿತವ್ಯಯದ ಬೆಲೆಯನ್ನು ಯಾರು ತೆರುತ್ತಾರೆಂಬುದನ್ನೂ ಹೇಳಲೇಬೇಕು. ಡೈಪರಿನ 3,150 ರೂಪಾಯಿಗೆ ಪ್ರತಿಯಾಗಿ ಸಾಬೂನು, ಪುಡಿ ಎಲ್ಲ ಸೇರಿ ನಮಗೆ ಬಿದ್ದದ್ದು 250. ಉಳಿತಾಯ ಕಣ್ಣಿಗೆ ಕಟ್ಟುತ್ತದೆ. ಆದರೆ ದಿನಕ್ಕೆ ಆರೇಳು ಅರಿವೆ, ಐದು ಕೊಡ ನೀರು, ಒಂದೂವರೆ ತಾಸಿನ ದುಡಿಮೆ. ನಮ್ಮ ಓಣಿಯ ನಳಕ್ಕೆ ದಿನ ಬಿಟ್ಟು ದಿನ ನೀರು. ಅವ್ವ ವಾರದಲ್ಲಿ ಎರಡು ದಿನ ಕೂಲಿ ತಪ್ಪಿಸಿಕೊಂಡಳು. ಅವಳ ಬೆರಳ ಸಂದುಗಳು ಬಿರಿದವು. ನಾನು ಹಾಳೆಯ ಮೇಲೆ ಹಾಕಿದ ಲೆಕ್ಕದಲ್ಲಿ ಇವು ಯಾವುವೂ ಇರಲಿಲ್ಲ. ಅರ್ಥಶಾಸ್ತ್ರದ ತರಗತಿಯಲ್ಲಿ ಅವಕಾಶ ವೆಚ್ಚವೆಂಬುದನ್ನು ಎರಡು ವರ್ಷ ಓದಿ ಪರೀಕ್ಷೆಯಲ್ಲಿ ಬರೆದಿದ್ದೆ. ಮನೆಯಲ್ಲಿ ಅದು ಎದುರಿಗಿದ್ದಾಗ ಗುರುತಿಸಲಿಲ್ಲ. ಈಗ ಬೆಳಗಿನ ಪಾಳಿ ನನ್ನದು. ಗಂಡುಹುಡುಗ ಮುಟ್ಟುವುದು ಬೇಡವೆಂದು ಆಯಿ ನಾಲ್ಕು ದಿನ ಅತ್ತಳು. ಅರಿವೆ ಬದಲಿಸುವುದನ್ನು ಅವ್ವನಿಗೇ ಬಿಟ್ಟು, ಒಗೆಯುವುದನ್ನು ನಾನು ಹಿಡಿದೆನು. ಬಸ್ಸಿಗೆ ಮೊದಲು ಮುಗಿಯುತ್ತದೆ.

ಎಲ್ಲಕ್ಕಿಂತ ಕೆಟ್ಟ ಮಿತವ್ಯಯವನ್ನು ಮಾಡಿದವಳು ಆಯಿಯೇ. ಬೆಲೆ ಕೇಳಿದ ದಿನದಿಂದ ಅವಳು ನೀರು ಕುಡಿಯುವುದನ್ನು ನಿಲ್ಲಿಸತೊಡಗಿದ್ದಳು. ತುಂಬಿದ ಲೋಟ ತುಂಬಿದಂತೆಯೇ ಇರುತ್ತಿತ್ತು. ಕೇಳಿದರೆ “ನೀರಡಿಕಿ ಇಲ್ಲಪಾ” ಎನ್ನುತ್ತಿದ್ದಳು. ಒದ್ದೆಯಾದರೂ “ಹಸಿ ಆಗಿಲ್ಲ, ಇರ್ಲಿ” ಎಂದು ಸುಳ್ಳು ಹೇಳುತ್ತಿದ್ದಳು. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಚರ್ಮವನ್ನೂ ಮೂತ್ರಕೋಶವನ್ನೂ ಕೆರಳಿಸುತ್ತದೆ, ಹತೋಟಿ ಇನ್ನಷ್ಟು ತಪ್ಪುತ್ತದೆ, ಮಲಬದ್ಧತೆಯಾಗುತ್ತದೆ, ಸೋಂಕು ಬೇಗ ಹಿಡಿಯುತ್ತದೆ. ಅವಳಿಗೆ ಹಿಡಿದಿತ್ತು. ಮೂತ್ರ ಪರೀಕ್ಷೆ ಮಾಡಿಸಿ ಡಾಕ್ಟರು ಒಂದು ವಾರದ ಔಷಧ ಕೊಟ್ಟ ಮೇಲೆ ಆರೇಳು ಅರಿವೆಗಳು ನಾಲ್ಕಕ್ಕಿಳಿದವು! ವಯಸ್ಸಾದ ಮೇಲೆ ಇದು ಇದ್ದದ್ದೇ ಎಂದು ನಾವು ಸುಮ್ಮನಿದ್ದುದೇ ತಪ್ಪು. ಸೋಂಕು, ಮಲಬದ್ಧತೆ, ಸಕ್ಕರೆ ಕಾಯಿಲೆ, ಕೆಲವು ಮಾತ್ರೆಗಳು, ಇವುಗಳಿಂದಲೂ ಹತೋಟಿ ತಪ್ಪಬಹುದು. ಕಾರಣ ಹಿಡಿದರೆ ಎಷ್ಟೋ ವೇಳೆ ಕಡಿಮೆಯಾಗುತ್ತದೆ. ಎರಡು ಮೂರು ತಾಸಿಗೊಮ್ಮೆ ನಾವೇ ಕೇಳಿ ಪಾತ್ರೆ ಇಡುವುದರಿಂದಲೂ ಅರಿವೆ ಉಳಿಯುತ್ತದೆ.

ಈಗ ನಮ್ಮ ಮನೆಯ ಏರ್ಪಾಡು ಹೀಗಿದೆ. ಹಗಲು ಅರಿವೆ, ಒದ್ದೆಯಾದೊಡನೆ ಬದಲು. ರಾತ್ರಿಗೆ ಒಂದು ಡೈಪರು. ಬೆಳಿಗ್ಗೆ ಅದನ್ನು ಎಸೆಯುವುದೇ, ಎರಡನೆಯ ಮಾತಿಲ್ಲ. ತಿಂಗಳಿಗೆ ಮೂರು ಕಟ್ಟು, 1,050 ರೂಪಾಯಿ, ಪಿಂಚಣಿಯೊಳಗೆ ಬರುತ್ತದೆ. ಪ್ರತಿ ಸಲ ನೀರಿನಿಂದ ಒರಸಿ, ಉಜ್ಜದೆ ಒತ್ತಿ ಒಣಗಿಸಿ, ಸತುವಿನ ಆಕ್ಸೈಡಿನ ಮುಲಾಮನ್ನು ತೆಳ್ಳಗೆ ಹಚ್ಚುತ್ತೇವೆ. ಹಗಲಿನಲ್ಲಿ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುತ್ತೇವೆ. ಸುಲಿದ ಚರ್ಮ ಕೂಡಿಕೊಳ್ಳಲು ಐದು ವಾರ ಹಿಡಿಯಿತು. ಅದರ ಮುಲಾಮು, ಪಟ್ಟಿ, ಓಡಾಟಗಳಿಗೆ ಬಿದ್ದ ಖರ್ಚು ನಾನು ಒಣಗಿಸಿ ಉಳಿಸಿದ್ದಕ್ಕಿಂತ ನಾಲ್ಕು ಪಟ್ಟಾಯಿತು.

ಎಸೆಯುವುದು ಎಲ್ಲಿಗೆ ಎಂಬ ಪ್ರಶ್ನೆ ಉಳಿದಿದೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಡೈಪರುಗಳನ್ನೂ ಇಂಥ ಹಾಸುಗಳನ್ನೂ ನೈರ್ಮಲ್ಯ ತ್ಯಾಜ್ಯವೆಂದು ಹೆಸರಿಸಿ, ಬೇರೆಯಾಗಿ ಸುತ್ತಿ ಕೊಡಬೇಕೆಂದು ವಿಧಿಸಿದ್ದವು. ನಾವು ಹಳೆಯ ಪತ್ರಿಕೆಯಲ್ಲಿ ಬಿಗಿಯಾಗಿ ಸುತ್ತಿ ಕಸದ ಗಾಡಿ ಬಂದ ದಿನ ಕೊಡುತ್ತೇವೆ. ಬಾರದ ದಿನಗಳಲ್ಲಿ ಮುಚ್ಚಳದ ಡಬ್ಬದಲ್ಲಿಡುತ್ತೇವೆ. ಹಿತ್ತಿಲಲ್ಲಿ ಸುಡೋಣವೆಂದು ಅಪ್ಪ ಹೇಳಿದನು. ಪ್ಲಾಸ್ಟಿಕ್ಕಿನ ಹೊಗೆ ಮನೆಯವರೆಲ್ಲರ ಎದೆಗೇ ಬರುವುದೆಂದು ತಡೆದೆನು.

ಮಳೆಗಾಲದ್ದೇ ಈಗಿನ ಚಿಂತೆ. ಜಡಿಮಳೆಯ ವಾರಗಳಲ್ಲಿ ಹನ್ನೆರಡು ಅರಿವೆ ಸಾಲವು, ಒಣಗಲಾರವು. ಅವ್ವ ಇನ್ನೂ ಎಂಟು ಹೊಲಿಯುತ್ತಿದ್ದಾಳೆ. ಒಲೆಯ ಮೇಲ್ಗಡೆ ಹಗ್ಗ ಕಟ್ಟಲು ನಾನು ಎರಡು ಮೊಳೆ ಬಡಿದಿದ್ದೇನೆ. ಆ ತಿಂಗಳಿಗೆಂದು ಎರಡು ಕಟ್ಟು ಹೆಚ್ಚಿಗೆ ತಂದು ಆಯಿಗೆ ಕಾಣದಂತೆ ಜೋಳದ ಚೀಲದ ಹಿಂದೆ ಇಟ್ಟಿದ್ದೇವೆ. ಬೆಲೆ ಕೇಳಿದರೆ ಸರ್ಕಾರ ಪುಕ್ಕಟೆ ಕೊಟ್ಟಿತೆಂದು ಹೇಳುವುದೆಂದು ಮೂವರೂ ಮಾತಾಡಿಕೊಂಡಿದ್ದೇವೆ.