ಅರ್ಧಬಲದ ಲೆಕ್ಕ

ಬೆಳಗಿನ ಆರು ಗಂಟೆಗೆ ಲಾಲ್‌ಬಾಗಿನ ಪಶ್ಚಿಮ ದ್ವಾರದಿಂದ ಒಳಹೊಕ್ಕವರು ಮೂರು ಬಗೆಯ ಜನರನ್ನು ಕಾಣಬಹುದು. ಮುಖವೆಲ್ಲ ಕೆಂಪಾಗಿ, ಏದುಸಿರು ಬಿಡುತ್ತ ಓಡುವವರು ಕೆಲವರು. ಮಗಳ ಮದುವೆಯಿಂದ ಹಿಡಿದು ನಗರಪಾಲಿಕೆಯ ವ್ಯವಹಾರದವರೆಗೆ ಎಲ್ಲವನ್ನೂ ಚರ್ಚಿಸುತ್ತ ಮೆಲ್ಲನೆ ನಡೆಯುವವರು ಹಲವರು. ಇನ್ನು ಕಲ್ಲುಬೆಂಚನ್ನು ಹಿಡಿದು ಕುಳಿತು, ಬಂದದ್ದೇ ವ್ಯಾಯಾಮವಾಯಿತೆಂದು ತೃಪ್ತರಾಗುವವರು. ಈ ಮೂವರಲ್ಲಿ ಯಾರದು ಸರಿ? ಉಂಡದ್ದು ಸಾಕೆಂದು ಹೊಟ್ಟೆಯೇ ಹೇಳುತ್ತದೆ. ದುಡಿದದ್ದು ಸಾಕೆಂದು ಹೇಳುವವರು ಯಾರು?

ಈ ಪ್ರಶ್ನೆ ನಮ್ಮ ಬಡಾವಣೆಗಳಲ್ಲಿ ಕೇವಲ ಹರಟೆಯ ವಿಷಯವಾಗಿ ಉಳಿಯದಂತೆ ಮಾಡಿದ ದಿನವೊಂದುಂಟು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯದ ತೊಂದರೆಯಿಂದ ತೀರಿಕೊಂಡರು. ಆಗ ಅವರಿಗೆ 46 ವರ್ಷ. ನಿತ್ಯವೂ ವ್ಯಾಯಾಮ ಮಾಡಿ ಮೈಯನ್ನು ಹುರಿಗೊಳಿಸಿಕೊಂಡಿದ್ದವರು ಅವರು. ಅನಂತರದ ದಿನಗಳಲ್ಲಿ ಜಯನಗರದ ಅಂಚಿನ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ತಪಾಸಣೆಗೆಂದು ಜನ ಸಾಲುಗಟ್ಟಿ ನಿಂತರು. ನಮ್ಮ ನೆರೆಮನೆಯ ಹಿರಿಯರೊಬ್ಬರು ಮಾಡಿದ್ದು ಬೇರೆ. ಇಪ್ಪತ್ತು ವರ್ಷಗಳಿಂದ ತಪ್ಪದೆ ನಡೆಯುತ್ತಿದ್ದವರು ನಡಿಗೆಯನ್ನೇ ಬಿಟ್ಟರು. “ಅಂಥವರಿಗೇ ಹೀಗಾಯಿತು, ನಮ್ಮದೇನು ಸ್ವಾಮಿ” ಎಂದು ಮೆಟ್ಟಿಲನ್ನೂ ಲೆಕ್ಕಹಾಕಿ ಹತ್ತತೊಡಗಿದರು. ಅವರ ಭಯವನ್ನು ನಗೆಯಾಡುವುದು ಸುಲಭ. ಉತ್ತರಿಸುವುದು ಅಷ್ಟು ಸುಲಭವಲ್ಲ.

ಒಬ್ಬರ ಸಾವಿಗೆ ವ್ಯಾಯಾಮವೇ ಕಾರಣವೆಂದು ಹೊರಗಿನಿಂದ ನಿಂತು ತೀರ್ಪು ಕೊಡುವುದು ತಪ್ಪು. ಆದರೆ ಪ್ರಶ್ನೆಯನ್ನು ವಿಜ್ಞಾನ ಎದುರಿಸದೆ ಬಿಟ್ಟಿಲ್ಲ. 1984ರಲ್ಲಿ ಅಮೆರಿಕದ ಸಿಯಾಟಲ್ ಪ್ರದೇಶದಲ್ಲಿ ಹಠಾತ್ತನೆ ಹೃದಯ ನಿಂತವರನ್ನು ಕುರಿತು ನಡೆದ ಅಧ್ಯಯನವೊಂದು ಪ್ರಕಟವಾಯಿತು. ಬಿರುಸಾಗಿ ದಣಿಯುತ್ತಿರುವ ಆ ಹೊತ್ತಿನಲ್ಲಿ ಅಪಾಯ ಹೆಚ್ಚುತ್ತದೆ ಎಂಬುದು ನಿಜವೇ ಎಂದು ಅದು ತೋರಿಸಿತು. ಆದರೆ ಎಷ್ಟು? ದಣಿದು ರೂಢಿಯುಳ್ಳ ಗಂಡಸರಲ್ಲಿ ಉಳಿದ ಹೊತ್ತಿಗಿಂತ ಸುಮಾರು 5 ಪಟ್ಟು; ರೂಢಿಯಿಲ್ಲದವರಲ್ಲಿ 56 ಪಟ್ಟು. ಇಡೀ ದಿನದ ಲೆಕ್ಕ ತೆಗೆದರೆ ಮಾತ್ರ, ರೂಢಿಯುಳ್ಳವರ ಒಟ್ಟು ಅಪಾಯ ಕುಳಿತೇ ಇರುವವರ ಅಪಾಯದ ನೂರಕ್ಕೆ 40ರಷ್ಟು. ಅಂದರೆ ಅಂಜಬೇಕಾದದ್ದು ವ್ಯಾಯಾಮಕ್ಕಲ್ಲ, ಹತ್ತು ವರ್ಷ ಕುಳಿತಿದ್ದವನು ಒಂದು ಸೋಮವಾರ ಎದ್ದು ಮಗನ ಸಮಸಮಕ್ಕೆ ಓಡಹೊರಡುವ ಹುಮ್ಮಸ್ಸಿಗೆ. ನಮ್ಮ ನೆರೆಯವರು ಬಿಟ್ಟುಕೊಟ್ಟದ್ದು ತಮ್ಮ ರಕ್ಷೆಯನ್ನೇ.

ಕುಳಿತಿರುವುದರ ಕೇಡನ್ನು ಮೊದಲು ಅಂಕಿಗಳಲ್ಲಿ ಹಿಡಿದು ತೋರಿಸಿದ್ದು ಲಂಡನ್ನಿನ ಎರಡಂತಸ್ತಿನ ಬಸ್ಸುಗಳು. ಜೆರೆಮಿ ಮಾರಿಸ್ ಎಂಬ ವೈದ್ಯ ವಿಜ್ಞಾನಿ 1953ರಲ್ಲಿ, ದಿನವಿಡೀ ಕುಳಿತ ಡ್ರೈವರುಗಳಿಗಿಂತ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದಯಾಘಾತ ಕಡಿಮೆಯೆಂದು ತೋರಿಸಿದರು. ಡ್ರೈವರುಗಳ ಸಮವಸ್ತ್ರದ ಸೊಂಟದ ಅಳತೆ ಮೊದಲಿನಿಂದಲೇ ದೊಡ್ಡದಿರುತ್ತಿದ್ದಿತೆಂಬುದನ್ನೂ ಮುಂದೆ ಅವರೇ ಕಂಡುಹಿಡಿದು, ತಮ್ಮ ವಾದಕ್ಕೆ ತಾವೇ ತಿದ್ದುಪಡಿ ತಂದರು. ಅಂತಹ ಪ್ರಾಮಾಣಿಕತೆ ಅಪರೂಪ.

ಇನ್ನು ಎಷ್ಟು ಹೊತ್ತು ಎಂಬುದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ದಣಿವಿನ ಕೆಲಸ, ಅಥವಾ 75ರಿಂದ 150 ನಿಮಿಷ ಬಿರುಸಿನದು. ಜೊತೆಗೆ ಎರಡು ದಿನ ಸ್ನಾಯುಗಳಿಗೆ ಬಲಕೊಡುವ ಅಭ್ಯಾಸ. ಈ ಅಂಕಿಗಳನ್ನು ಕಂಡು ಅಧೈರ್ಯಪಡಬೇಕಾಗಿಲ್ಲ. ಏನೂ ಮಾಡದಿದ್ದವನು ಸ್ವಲ್ಪ ಮಾಡತೊಡಗಿದಾಗ ದೊರೆಯುವ ಲಾಭವೇ ದೊಡ್ಡದು. ಆಮೇಲೆ ಸೇರಿಸಿದ ಪ್ರತಿಯೊಂದು ಗಳಿಗೆಗೂ ಲಾಭ ಇಳಿಯುತ್ತ ಹೋಗುತ್ತದೆ. ದಿನಕ್ಕೆ ಹತ್ತುಸಾವಿರ ಹೆಜ್ಜೆ ಎಂಬ ಮಾತನ್ನು ಈಗ ಎಲ್ಲರೂ ಮಂತ್ರದಂತೆ ಜಪಿಸುತ್ತಾರೆ. ಅದು ಯಾವ ಪ್ರಯೋಗಶಾಲೆಯಿಂದಲೂ ಬಂದದ್ದಲ್ಲ; 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರವೊಂದರ ಹೆಸರು. ವಯಸ್ಸಾದ ಹೆಂಗಸರನ್ನು ಕುರಿತ 2019ರ ಅಧ್ಯಯನವೊಂದರಲ್ಲಿ 4,400 ಹೆಜ್ಜೆಗಳಷ್ಟಕ್ಕೇ ಮೇಲು ಕಂಡುಬಂದಿತು. 7,500ರ ಆಚೆಗೆ ಹೆಚ್ಚಿನ ವ್ಯತ್ಯಾಸವಿರಲಿಲ್ಲ.

ಹೊತ್ತನ್ನು ಗಡಿಯಾರ ಹೇಳೀತು. ಬಿರುಸನ್ನು ಅಳೆಯುವುದು ಹೇಗೆ? 220ರಿಂದ ವಯಸ್ಸನ್ನು ಕಳೆದರೆ ಹೃದಯ ಬಡಿಯಬಲ್ಲ ಗರಿಷ್ಠ ವೇಗ ದೊರೆಯುವುದೆಂಬ ಸೂತ್ರ ವ್ಯಾಯಾಮಶಾಲೆಗಳ ಗೋಡೆಗಳ ಮೇಲೆ ತೂಗುತ್ತಿರುತ್ತದೆ. ಅರವತ್ತರವನಿಗೆ ಅದು 160 ಎನ್ನುತ್ತದೆ. 2001ರಲ್ಲಿ ಬಂದ ಮತ್ತೊಂದು ಸೂತ್ರ 166 ಎನ್ನುತ್ತದೆ. ನಿಜವಾದ ಹೃದಯವಾದರೋ ಎರಡನ್ನೂ ಲೆಕ್ಕಿಸದೆ ಹತ್ತು ಹನ್ನೆರಡು ಬಡಿತ ಆಚೆಗೋ ಈಚೆಗೋ ಇರಬಹುದು. ರಕ್ತದೊತ್ತಡಕ್ಕೆಂದು ಕೆಲವು ಬಗೆಯ ಮಾತ್ರೆ ನುಂಗುವವರ ನಾಡಿಯಂತೂ ಎಷ್ಟು ದಣಿದರೂ ಅಷ್ಟಾಗಿ ಏರುವುದಿಲ್ಲ. ಅಂತಹವರು ನಾಡಿಯನ್ನು ನಂಬಿ ನಡೆದರೆ ಮೋಸಹೋಗುತ್ತಾರೆ.

ನಮ್ಮ ಹಿಂದಿನವರು ನಾಡಿಯ ಬದಲು ಉಸಿರನ್ನು ನೋಡಿದರು. ತನ್ನ ಬಲದ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕೆಂದು ಸುಶ್ರುತ, ವಾಗ್ಭಟ ಇಬ್ಬರೂ ಹೇಳುತ್ತಾರೆ. ಅರ್ಧವಾಯಿತೆಂದು ತಿಳಿಯುವುದೆಂತು? ಎದೆಯಲ್ಲಿದ್ದ ವಾಯು ಬಾಯಿಗೆ ಬಂದಾಗ, ಅಂದರೆ ಮೂಗಿನ ಉಸಿರು ಸಾಲದೆ ಬಾಯಿ ತೆರೆಯಬೇಕಾದಾಗ ಎನ್ನುತ್ತಾನೆ ಸುಶ್ರುತ. ವಾಗ್ಭಟ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಚಳಿಗಾಲ ವಸಂತಗಳಲ್ಲಿ, ಜಿಡ್ಡಿನ ಆಹಾರ ಉಣ್ಣುವ ಬಲಶಾಲಿಗಳಿಗೆ ಮಾತ್ರ ಆ ಅರ್ಧವನ್ನು ಒಪ್ಪುತ್ತಾನೆ. ಉಳಿದ ಕಾಲದಲ್ಲಿ ಇನ್ನೂ ಮಂದವಾಗಿರಲಿ ಎನ್ನುತ್ತಾನೆ. ಮಿತಿಮೀರಿದವನ ಗತಿ ಆನೆಯನ್ನು ಎಳೆಯಹೋದ ಸಿಂಹದ ಗತಿಯೆಂಬ ಹೋಲಿಕೆಯೂ ಅವನಲ್ಲಿದೆ. ಪುರಾತನವಾದದ್ದೆಲ್ಲ ಸರಿಯೆಂದು ವಾದಿಸುವವನು ನಾನಲ್ಲ. ಆದರೆ ಇಂದಿನ ವೈದ್ಯರು ಹೇಳುವ ಮಾತಿನ ಪರೀಕ್ಷೆ ಇದರ ಹತ್ತಿರದ ನಂಟನೇ: ನಡೆಯುತ್ತ ಪೂರ್ಣ ವಾಕ್ಯಗಳನ್ನು ಆಡಬಹುದು, ಆದರೆ ಹಾಡಲಾಗದು ಎಂದಾದರೆ ಅದು ಮಧ್ಯಮ ದಣಿವು. ಪಲ್ಲವಿ ಅನುಪಲ್ಲವಿಗಳನ್ನು ಸರಾಗವಾಗಿ ಹಾಡುತ್ತ ನಡೆಯುವಿರಾದರೆ ಹೆಜ್ಜೆ ಚುರುಕಾಗಲಿ. ಎರಡು ಮಾತಿಗೊಮ್ಮೆ ಉಸಿರೆಳೆಯಬೇಕಾದರೆ ಅದು ಬಿರುಸು. ರೂಢಿಯಿಲ್ಲದವರು ಅಲ್ಲಿಂದ ಹಿಂದೆ ಸರಿಯಬೇಕು.

‘ಶಾಂತಲಾ’, ‘ರೂಪದರ್ಶಿ’ಗಳನ್ನು ಬರೆದ ಕೆ. ವಿ. ಅಯ್ಯರ್ ಅವರನ್ನು ಸಾಹಿತ್ಯಪ್ರಿಯರು ಕಾದಂಬರಿಕಾರರೆಂದು ಬಲ್ಲರು. ಅವರ ವೃತ್ತಿ ವ್ಯಾಯಾಮ ಶಿಕ್ಷಣ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದ್ದಲ್ಲದೆ, ದೂರದ ಶಿಷ್ಯರಿಗೆ ಅಂಚೆಯ ಮೂಲಕವೂ ಪಾಠ ಕಳುಹಿಸುತ್ತಿದ್ದರು. ಅದನ್ನು ನೆನೆದಾಗಲೆಲ್ಲ ನನಗೆ ಒಂದು ಯೋಚನೆ ಬರುತ್ತದೆ. ಅಂಚೆಯ ಶಿಷ್ಯನ ಬೆವರನ್ನು ಗುರು ಕಾಣಲಾರ. ಎಲ್ಲಿ ನಿಲ್ಲಬೇಕೆಂಬುದನ್ನು ಶಿಷ್ಯನೇ ತನ್ನ ಮೈಯಿಂದ ಕೇಳಿ ಕಲಿಯಬೇಕು. ಇಂದು ಮಣಿಕಟ್ಟಿಗೆ ಯಂತ್ರ ಕಟ್ಟಿಕೊಂಡು ಓಡುವವರೂ ಒಂದು ರೀತಿಯಲ್ಲಿ ಅಂಚೆಯ ಶಿಷ್ಯರೇ.

ಒಂದು ಎಚ್ಚರಿಕೆಯನ್ನು ಮಾತ್ರ ಹಾಸ್ಯಕ್ಕೆ ಬಿಡಲಾಗದು. ದಣಿವಿನ ವೇಳೆ ಎದೆಯಲ್ಲಿ ಬಿಗಿತ ಅಥವಾ ಉರಿ, ತೋಳಿಗೋ ದವಡೆಗೋ ಹರಿಯುವ ನೋವು, ತಲೆ ತಿರುಗುವಿಕೆ, ಎಂದೂ ಇಲ್ಲದ ಉಬ್ಬಸ — ಇವುಗಳಲ್ಲಿ ಒಂದು ಕಂಡರೂ ಅಲ್ಲಿಯೇ ನಿಲ್ಲಬೇಕು. ವಾಯುವೆಂದು ಶುಂಠಿ ಕಷಾಯ ಕುಡಿದು ಮಲಗದೆ ಆಸ್ಪತ್ರೆಗೆ ಹೋಗಬೇಕು. ಮಧುಮೇಹ, ರಕ್ತದೊತ್ತಡ, ಮನೆತನದಲ್ಲಿ ಎಳೆಯ ವಯಸ್ಸಿನ ಹೃದ್ರೋಗ ಇದ್ದವರು ಬಿರುಸಿನ ಅಭ್ಯಾಸಕ್ಕೆ ಇಳಿಯುವ ಮುನ್ನ ವೈದ್ಯರನ್ನು ಕಾಣುವುದು ಲೇಸು. ಹೆಚ್ಚಿಸುವಾಗ ಮೊದಲು ಹೊತ್ತನ್ನು ಹೆಚ್ಚಿಸಿ, ಬಿರುಸನ್ನು ಆಮೇಲೆ. ಜ್ವರ ಬಂದ ದಿನ ರಜೆ.

ನಮ್ಮ ನೆರೆಯವರನ್ನು ಅವರ ಮಗಳು ವೈದ್ಯರ ಬಳಿಗೆ ಕರೆದೊಯ್ದಳು. ಪರೀಕ್ಷೆಗಳಾದ ಮೇಲೆ ಮನೆಯ ಸುತ್ತ ಹತ್ತು ನಿಮಿಷದಿಂದ ಆರಂಭವಾಯಿತು. ಮೂರು ತಿಂಗಳಿಗೆ ಅರ್ಧ ಗಂಟೆ ಮುಟ್ಟಿತು. ಮೊನ್ನೆ ಲಾಲ್‌ಬಾಗಿನ ಬಂಡೆಯನ್ನು ಜೊತೆಯಾಗಿ ಹತ್ತಿದೆವು. ಕೆಳಗಿನಿಂದಲೇ ಅಳಿಯನ ಮೇಲಿನ ದೂರು ಮೊದಲಾಗಿದ್ದಿತು. ಕೆಂಪೇಗೌಡರ ಗೋಪುರ ಇನ್ನೂ ಅಷ್ಟು ದೂರವಿರುವಾಗ ದೂರು ತಡವರಿಸಿ ನಿಂತಿತು. ಅವರೂ ನಿಂತರು, ನನ್ನ ಕಡೆ ನೋಡಿ ನಕ್ಕರು. ಉಸಿರು ಮೂಗಿಗೆ ಮರಳಿದ ಮೇಲೆ ಅಳಿಯನ ಕಥೆಯನ್ನು ಬಿಟ್ಟಲ್ಲಿಂದ ಮುಂದುವರಿಸಿದರು.